ಮಡಕೆಗೆ ಕುಂಬಾರ, ಹುತ್ತಕ್ಕೆ?

ಪ್ರಶ್ನೆ: "ದೇವರ ಅಸ್ತಿತ್ವವನ್ನು ತರ್ಕದಿಂದ ಸಾಧಿಸಬಹುದು" ಎಂಬ ವಿಷಯದ ಮೇಲೆ ಚರ್ಚಾಸ್ಪರ್ಧೆ ಇದೆ. ಮೊದಲ ಸುತ್ತಿನಲ್ಲಿ ಪರವಾಗಿ, ಎರಡನೆಯದರಲ್ಲಿ ವಿರೋಧವಾಗಿ ನಾನೇ ಮಾತಾಡಬೇಕು. ಓದಿದಷ್ಟೂ ಗೊಂದಲ ಹೆಚ್ಚಾಗಿದೆ. ಪ್ರತಿ ವಾದಕ್ಕೂ ಒಂದು ಉತ್ತರ, ಆ ಉತ್ತರಕ್ಕೂ ಇನ್ನೊಂದು ಉತ್ತರ. ಎರಡು ಕಡೆಯಲ್ಲೂ ನಿಜಕ್ಕೂ ಗಟ್ಟಿಯಾದ ವಾದ ಯಾವುದು? ಸಾಬೀತು ಮಾಡುವ ಹೊಣೆ ಯಾರದು? ಸ್ಪರ್ಧೆಗೆ ಸಂಬಂಧವಿಲ್ಲದ ಇನ್ನೊಂದು ಪ್ರಶ್ನೆ: ನಾನು ದೇವರನ್ನು ನಂಬುವವಳು. ವಿರೋಧದ ಕೆಲವು ವಾದಗಳನ್ನು ಓದಿ ಒಪ್ಪಿದ ಮೇಲೂ ನಂಬಿಕೆ ಹೋಗಿಲ್ಲ. ಇದು ಆತ್ಮವಂಚನೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಮೊದಲಿಗೆ ಒಂದು ಮಾತು ಹೇಳಿಬಿಡಬೇಕು. ಕೇಳಿದವರೆಲ್ಲ ಒಪ್ಪಲೇಬೇಕಾದಂಥ ವಾದ ಎರಡು ಕಡೆಯಲ್ಲೂ ಇಲ್ಲ. ಇದರ ಮೇಲೆ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ತಲೆ ಕೆಡಿಸಿಕೊಂಡವರು ದಡ್ಡರೇನಲ್ಲ. ಅಂಥದ್ದೊಂದು ಇದ್ದಿದ್ದರೆ ಇಷ್ಟು ಹೊತ್ತಿಗೆ ಕೈಗೆ ಸಿಕ್ಕಿರುತ್ತಿತ್ತು. ಹಾಗೆಂದು "ಎಲ್ಲ ಬರೀ ಮಾತು" ಎಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಕೆಲವು ವಾದಗಳು ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಕುಸಿಯುತ್ತವೆ. ಇನ್ನು ಕೆಲವನ್ನು ತಳ್ಳಿಹಾಕಬಹುದು, ಆದರೆ ತಳ್ಳಿಹಾಕುವವರು ತಾವು ಇಷ್ಟು ದಿನ ನಂಬಿಕೊಂಡು ಬಂದ ಬೇರೇನನ್ನೋ ಬಿಟ್ಟುಕೊಡಬೇಕಾಗುತ್ತದೆ. ಗಟ್ಟಿ ವಾದ ಎಂದರೆ ನನ್ನ ಲೆಕ್ಕದಲ್ಲಿ ಇದೇ. ಎದುರಾಳಿ "ಇಲ್ಲ" ಎನ್ನುವುದಕ್ಕೆ ಏನು ದಂಡ ತೆರಬೇಕಾಗುತ್ತದೆ ಎಂದು ನೋಡಿ.

ಇನ್ನೊಂದು ಪೂರ್ವಸಿದ್ಧತೆ. ಯಾವ ದೇವರು? ಶೂನ್ಯದಿಂದ ಎಲ್ಲವನ್ನೂ ಸೃಷ್ಟಿಸಿದ, ಸರ್ವಶಕ್ತ, ಸರ್ವಜ್ಞ, ಪರಮ ದಯಾಳು ಎಂಬ ದೇವರು ಒಂದು. ಮೊದಲೇ ಇದ್ದ ಪರಮಾಣುಗಳನ್ನು ಜೋಡಿಸಿ, ಜೀವಗಳ ಕರ್ಮಕ್ಕೆ ತಕ್ಕಂತೆ ಜಗತ್ತನ್ನು ನಡೆಸುವ ನ್ಯಾಯದರ್ಶನದ ಈಶ್ವರ ಇನ್ನೊಂದು. ಪ್ರಾರ್ಥನೆಗೆ ಕಿವಿಗೊಡದ, ವಿಶ್ವದ ನಿಯಮವೇ ಆಗಿರುವ ದೇವರು ಮತ್ತೊಂದು. ಒಂದಕ್ಕೆ ತಗಲುವ ಏಟು ಇನ್ನೊಂದಕ್ಕೆ ತಗಲುವುದಿಲ್ಲ. ಚರ್ಚೆಯ ಮೊದಲ ಅರ್ಧ ನಿಮಿಷದಲ್ಲೇ ಇದನ್ನು ಹೇಳದಿದ್ದರೆ ಇಬ್ಬರೂ ಬೇರೆ ಬೇರೆ ಗುರಿಗೆ ಬಾಣ ಬಿಡುತ್ತಾ ಕೂರುತ್ತೀರಿ.

ಈಗ ಮಡಕೆಗೆ ಬರೋಣ. ಪರವಾದ ವಾದಗಳಲ್ಲಿ ಎಲ್ಲರ ನಾಲಿಗೆಯ ಮೇಲೂ ಇರುವುದು ಇದೇ: ಮಡಕೆ ಇದ್ದರೆ ಕುಂಬಾರ ಇರಲೇಬೇಕು, ಹಾಗೆಯೇ ಜಗತ್ತಿಗೂ ಒಬ್ಬ ಕರ್ತೃ ಇರಬೇಕು. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಇದನ್ನು ಒಂದೇ ಸಾಲಿಗೆ ಇಳಿಸಿದ್ದರು: ಕ್ಷಿತ್ಯಂಕುರಾದಿಕಂ ಸಕರ್ತೃಕಂ, ಕಾರ್ಯತ್ವಾತ್, ಘಟವತ್. ಭೂಮಿ, ಮೊಳಕೆ ಮುಂತಾದವಕ್ಕೆ ಕರ್ತೃ ಇದ್ದಾನೆ, ಏಕೆಂದರೆ ಅವು ಉಂಟಾದವು, ಮಡಕೆಯ ಹಾಗೆ. 10ನೇ ಶತಮಾನದ ಕೊನೆಯ ಹೊತ್ತಿಗೆ ಬಾಳಿದ ಉದಯನಾಚಾರ್ಯರು 'ನ್ಯಾಯಕುಸುಮಾಂಜಲಿ'ಯಲ್ಲಿ ಈಶ್ವರನನ್ನು ಸಾಧಿಸಲು ಸಾಲಾಗಿ ಹೇತುಗಳನ್ನು ಕೊಡುವಾಗ ಮೊದಲು ಹೆಸರಿಸುವುದು ಈ ಕಾರ್ಯತ್ವವನ್ನೇ, ಅಂದರೆ ಉಂಟಾದದ್ದು ಎಂಬುದನ್ನೇ.

ಈ ವಾದದ ಜೀವ ಇರುವುದು ವ್ಯಾಪ್ತಿಯಲ್ಲಿ, ಅಂದರೆ ಎರಡರ ನಡುವಿನ ತಪ್ಪದ ನಂಟಿನಲ್ಲಿ. "ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ" ಎಂಬ ನಂಟು ತಪ್ಪದೆ ಇದ್ದರೆ ಮಾತ್ರ ಬೆಟ್ಟದ ಮೇಲಿನ ಹೊಗೆ ನೋಡಿ ಬೆಂಕಿ ಇದೆ ಎನ್ನಬಹುದು. ಹಾಗಾದರೆ "ಎಲ್ಲಿ ಕಾರ್ಯವೋ ಅಲ್ಲಿ ಬುದ್ಧಿಯುಳ್ಳ ಕರ್ತೃ" ಎಂಬುದು ಅಂಥ ನಂಟೇ? ಉದಯನರಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇಲ್ಲಿ ಒಂದು ಹುತ್ತವನ್ನು ತಂದು ಇಟ್ಟಿದ್ದ. ಮಡಕೆಯೂ ಮಣ್ಣಿನ ವಿಕಾರ, ಹುತ್ತವೂ ಮಣ್ಣಿನ ವಿಕಾರ. ಹಾಗೆಂದು ಹುತ್ತವನ್ನೂ ಕುಂಬಾರನೇ ಮಾಡಿದ ಎನ್ನುತ್ತೀರಾ? ಮೇಲ್ನೋಟಕ್ಕೆ ಚೇಷ್ಟೆಯಂತೆ ಕಾಣುವ ಈ ಪ್ರಶ್ನೆ ಆಳವಾದದ್ದು. ಮಡಕೆಯಂಥ ವಸ್ತುವಿಗೆ ಕುಂಬಾರ ಬೇಕೆಂದು ನಮಗೆ ಗೊತ್ತಿರುವುದು ಮಡಕೆ ಮಾಡುವುದನ್ನು ಕಂಡದ್ದರಿಂದ. "ರಚನೆ", "ಕಾರ್ಯ" ಎಂಬ ಒಂದೇ ಪದವನ್ನು ಮಡಕೆಗೂ ಬೆಟ್ಟಕ್ಕೂ ಹಚ್ಚಿದ ಮಾತ್ರಕ್ಕೆ ಆ ಅನುಭವ ಬೆಟ್ಟಕ್ಕೆ ವರ್ಗವಾಗುವುದಿಲ್ಲ. ಸಾಮ್ಯ ಇರುವುದು ಪದದಲ್ಲಿ, ವಸ್ತುವಿನಲ್ಲಲ್ಲ.

ನೈಯಾಯಿಕರು ಸುಮ್ಮನಾಗಲಿಲ್ಲ. "ಹುತ್ತಕ್ಕೋ ಮೊಳಕೆಗೋ ಕರ್ತೃ ಕಾಣುವುದಿಲ್ಲ, ಆದ್ದರಿಂದ ನಿಮ್ಮ ನಿಯಮ ಸುಳ್ಳು" ಎಂದರೆ ಅವರು ಹೇಳುತ್ತಿದ್ದುದು ಹೀಗೆ: ಮೊಳಕೆಗೆ ಕರ್ತೃ ಇದ್ದಾನೋ ಇಲ್ಲವೋ ಎಂಬುದೇ ವಿವಾದ, ಅದು ಪಕ್ಷದೊಳಗೆ, ಅಂದರೆ ಸಾಧಿಸಬೇಕಾದ ವಿಷಯದೊಳಗೇ, ಸೇರಿದೆ, ಅದನ್ನೇ ನನ್ನ ವಿರುದ್ಧ ಸಾಕ್ಷಿಗೆ ಕರೆಯುವ ಹಾಗಿಲ್ಲ. ತರ್ಕದ ನಿಯಮದಂತೆ ಇದು ಸರಿಯಾದ ಉತ್ತರ. ಆದರೆ ಇದರಿಂದ ನಿಯಮ ಮುರಿಯದೆ ಉಳಿಯಿತು ಅಷ್ಟೇ, ಸ್ಥಾಪಿತವಾಗಲಿಲ್ಲ.

ಆಮೇಲೆ ಬರುವುದು ಉಪಾಧಿಯ ಪ್ರಶ್ನೆ. "ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ" ಎಂಬುದು ಸುಳ್ಳು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದ್ದರೂ ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ, ನಾವು ಗಮನಿಸದೆ ಬಿಟ್ಟ ಷರತ್ತು. ಮಡಕೆಯ ವಿಷಯದಲ್ಲಿ ಹಸಿ ಸೌದೆ ಯಾವುದು? ಶರೀರ ಎನ್ನುತ್ತಾರೆ ವಿರೋಧಿಗಳು. ನಾವು ಕಂಡ ಕರ್ತೃಗಳೆಲ್ಲ ಮೈ ಕೈ ಇದ್ದವರು. ಮೀಮಾಂಸಕ ಕುಮಾರಿಲ ಭಟ್ಟ ಇದನ್ನು ಬಿಗಿಯಾಗಿಯೇ ಹಿಡಿದ: ಶರೀರವಿಲ್ಲದವನು ಹೇಗೆ ಮಾಡಿದ? ಶರೀರ ಇತ್ತೆಂದರೆ ಅದನ್ನು ಮಾಡಿದವರು ಯಾರು? ನೈಯಾಯಿಕರ ಉತ್ತರ, ಕರ್ತೃವಿಗೆ ಬೇಕಾದದ್ದು ಜ್ಞಾನ, ಇಚ್ಛೆ, ಪ್ರಯತ್ನ ಮೂರೇ. ಶರೀರ ಕುಂಬಾರನಿಗೆ ಬೇಕಾದ ಸಲಕರಣೆ ಅಷ್ಟೇ ಎಂಬುದು. ಒಪ್ಪಬಹುದು. ಆದರೆ ಶರೀರ ಬೇಡ, ಚಕ್ರ ಬೇಡ, ಕಾಲದೇಶ ಬೇಡ ಎಂದು ಒಂದೊಂದನ್ನೇ ಬಿಡಿಸುತ್ತಾ ಹೋದಾಗ ಕೈಯಲ್ಲಿ ಉಳಿಯುವ ಕರ್ತೃ ಮಡಕೆಯ ಅನುಭವದಿಂದ ಎಷ್ಟು ದೂರ ಬಂದಿರುತ್ತಾನೆ ನೋಡಿ. ವ್ಯಾಪ್ತಿಗೆ ಬಲ ಬಂದದ್ದೇ ಆ ಅನುಭವದಿಂದ.

ಕುಮಾರಿಲ ವೇದವನ್ನು ಪ್ರಮಾಣವೆಂದು ಒಪ್ಪಿದವನು ಎಂಬುದನ್ನು ಗಮನಿಸಿ. ಸೃಷ್ಟಿಕರ್ತನನ್ನು ಅಲ್ಲಗಳೆದವರಲ್ಲಿ ಆಸ್ತಿಕ, ಅಂದರೆ ವೇದವನ್ನು ಒಪ್ಪುವ, ದರ್ಶನದವರೂ ಇದ್ದರು, ಜೈನರೂ ಇದ್ದರು. ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರ 'ಮಹಾಪುರಾಣ'ದಲ್ಲಿ ಸೃಷ್ಟಿವಾದದ ಖಂಡನೆ ನೇರವಾಗಿಯೇ ಬರುತ್ತದೆ. ಹಾಗಾಗಿ "ನಿರೀಶ್ವರವಾದ ಪಶ್ಚಿಮದಿಂದ ಬಂದದ್ದು" ಎಂದು ಯಾರಾದರೂ ವೇದಿಕೆಯಲ್ಲಿ ಹೇಳಿದರೆ ನಿಮಗೆ ಎರಡು ಅಂಕ ಪುಕ್ಕಟೆ.

ಪಶ್ಚಿಮದಲ್ಲಿ ಇದೇ ಜಗಳ ಬೇರೆ ವೇಷ ತೊಟ್ಟಿತು. 1802ರಲ್ಲಿ ಇಂಗ್ಲಿಷ್ ಪಾದ್ರಿ ವಿಲಿಯಂ ಪೇಲಿ ಮಡಕೆಯ ಜಾಗದಲ್ಲಿ ಗಡಿಯಾರ ಇಟ್ಟ. ತಮಾಷೆಯೆಂದರೆ ಅದಕ್ಕೆ ಉತ್ತರ 23 ವರ್ಷ ಮೊದಲೇ ಅಚ್ಚಾಗಿತ್ತು. ತತ್ವಜ್ಞಾನಿ ಡೇವಿಡ್ ಹ್ಯೂಮ್ ತೀರಿಕೊಂಡ ಮೂರು ವರ್ಷಕ್ಕೆ, 1779ರಲ್ಲಿ, ಹೊರಬಂದ ಅವನ ಸಂವಾದಗಳಲ್ಲಿ ಧರ್ಮಕೀರ್ತಿಯ ಹುತ್ತದ ಹತ್ತಿರದ ನೆಂಟನಂಥ ಮಾತಿದೆ: ಮನೆ ಕಟ್ಟುವುದನ್ನು ನೋಡಿದ್ದೇವೆ, ಜಗತ್ತು ಕಟ್ಟುವುದನ್ನು ಯಾರೂ ನೋಡಿಲ್ಲ, ಸಾಮ್ಯ ದುರ್ಬಲವಾದಷ್ಟೂ ತೀರ್ಮಾನ ದುರ್ಬಲ. ಸಾಮ್ಯವನ್ನೇ ಹಿಡಿದು ಹೋದರೆ ಹಡಗು ಕಟ್ಟುವವರು ಹಲವರು, ಜಗತ್ತನ್ನು ಕಟ್ಟಿದ ದೇವರುಗಳೂ ಹಲವರೇಕಿರಬಾರದು? ಇಷ್ಟಾದರೂ ಹ್ಯೂಮ್‌ನ ಕೈಯಲ್ಲಿ ಕಣ್ಣು, ರೆಕ್ಕೆ ಇವೆಲ್ಲ ಹೇಗೆ ಬಂದವು ಎಂಬುದಕ್ಕೆ ಗಟ್ಟಿಯಾದ ಪರ್ಯಾಯ ಇರಲಿಲ್ಲ. ಅದನ್ನು ಕೊಟ್ಟವನು 1859ರಲ್ಲಿ ಡಾರ್ವಿನ್. ಪೀಳಿಗೆಯಿಂದ ಪೀಳಿಗೆಗೆ ಸಣ್ಣ ಬದಲಾವಣೆ, ಉಳಿದದ್ದು ಉಳಿಯಿತು, ಅಳಿದದ್ದು ಅಳಿಯಿತು: ಕುಂಬಾರನಿಲ್ಲದೆಯೂ ಮಡಕೆಯಷ್ಟು ಅಚ್ಚುಕಟ್ಟಾದ ವಸ್ತು ಬರಬಹುದು. ಜೀವಜಗತ್ತಿನ ಮಟ್ಟಿಗೆ ಗಡಿಯಾರದ ವಾದ ಅಲ್ಲಿಗೆ ಮುಗಿಯಿತು ಎಂದೇ ನನ್ನ ಅಭಿಪ್ರಾಯ. ದಯವಿಟ್ಟು ಪರ ಸುತ್ತಿನಲ್ಲಿ ಕಣ್ಣಿನ ಉದಾಹರಣೆ ತರಬೇಡಿ.

ತರಬಹುದಾದದ್ದು ಅದರ ಹೊಸ ರೂಪ. ಪ್ರಕೃತಿಯ ಕೆಲವು ಸ್ಥಿರಾಂಕಗಳು ಸ್ವಲ್ಪವೇ ಬೇರೆಯಾಗಿದ್ದರೂ ನಕ್ಷತ್ರವಾಗಲಿ ಜೀವವಾಗಲಿ ಇರುತ್ತಿರಲಿಲ್ಲ. ಬಾಹ್ಯಾಕಾಶದ ವಿಸ್ತರಣೆಯನ್ನು ನಿಯಂತ್ರಿಸುವ ವಿಶ್ವ ಸ್ಥಿರಾಂಕ ಭೌತವಿಜ್ಞಾನದ ಸರಳ ಅಂದಾಜಿಗಿಂತ ಎಷ್ಟು ಚಿಕ್ಕದೆಂದರೆ, ಒಂದರ ಮುಂದೆ ಸುಮಾರು 120 ಸೊನ್ನೆ ಬರೆದು ಆ ಅಂದಾಜನ್ನು ಭಾಗಿಸಬೇಕು. ಇಲ್ಲಿ ಡಾರ್ವಿನ್ ಕೆಲಸಕ್ಕೆ ಬರುವುದಿಲ್ಲ. ಸ್ಥಿರಾಂಕಗಳು ಮರಿ ಹಾಕುವುದಿಲ್ಲ. ಆದರೂ "ಇದು ಅಸಂಭವ" ಎನ್ನುವ ಮಾತಿನಲ್ಲಿ ಒಂದು ಸಾಲ ಅಡಗಿದೆ. ದಾಳದಲ್ಲಿ ಆರು ಬೀಳುವ ಸಂಭವ ಆರರಲ್ಲೊಂದು ಎನ್ನುವುದು ದಾಳಕ್ಕೆ ಆರು ಮುಖ ಇವೆ ಎಂದು ಗೊತ್ತಿರುವುದರಿಂದ. ಸ್ಥಿರಾಂಕಗಳ ದಾಳಕ್ಕೆ ಎಷ್ಟು ಮುಖ? ಅದನ್ನು ಯಾರಾದರೂ ಉರುಳಿಸಿದ್ದು ನಿಜವೇ? ನಮ್ಮ ಬಳಿ ಇರುವುದು ಒಂದೇ ವಿಶ್ವ, ಒಂದೇ ಉರುಳು. ಮತ್ತೆ ಅದೇ ಕಡೆಗೆ ಬಂದೆವು: ಜಗತ್ತಿನೊಳಗೆ ಕಲಿತ ಲೆಕ್ಕವನ್ನು ಜಗತ್ತಿನ ಅಂಚಿನಾಚೆಗೆ ಎಷ್ಟು ದೂರ ಒಯ್ಯಬಹುದು? ಇನ್ನು "ಲೆಕ್ಕವಿಲ್ಲದಷ್ಟು ವಿಶ್ವಗಳಿವೆ, ಅದರಲ್ಲಿ ಒಂದು ಹೀಗೆ" ಎನ್ನುವ ಎದುರಾಳಿಗೂ ಇದೇ ಸಾಲ ಇದೆ. ಕಾಣದ ಒಬ್ಬನ ಬದಲು ಕಾಣದ ಕೋಟಿಗಳನ್ನು ಒಪ್ಪಿದ ಹಾಗಾಯಿತು.

ಎರಡನೆಯ ದೊಡ್ಡ ವಾದ, ಮೂಲಕಾರಣ. ಇದು ಒಂದಲ್ಲ ಎರಡು. ಇವನ್ನು ಕಲಸಿಬಿಡುವುದು ಸ್ಪರ್ಧೆಗಳಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು.

ಮೊದಲನೆಯದು ಕಾಲದ ಆರಂಭ ಕುರಿತದ್ದು. ಆರಂಭವಾದದ್ದಕ್ಕೆಲ್ಲ ಕಾರಣ ಇದೆ, ವಿಶ್ವ ಆರಂಭವಾಯಿತು, ಆದ್ದರಿಂದ ಅದಕ್ಕೆ ಕಾರಣ ಇದೆ. 1111ರಲ್ಲಿ ತೀರಿಕೊಂಡ ಇಸ್ಲಾಮಿಕ್ ಚಿಂತಕ ಅಲ್ ಗಝಾಲಿ ಇದರ ಹೆಸರಾಂತ ವಕ್ತಾರ. ಇದಕ್ಕೆ "ಹಾಗಾದರೆ ದೇವರನ್ನು ಸೃಷ್ಟಿಸಿದವರು ಯಾರು?" ಎಂದು ಕೇಳಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಅದು ಉತ್ತರವಲ್ಲ. ಆರಂಭವಾದದ್ದಕ್ಕೆ ಮಾತ್ರ ಕಾರಣ ಬೇಕು ಎಂದಿದ್ದಾರೆಯೇ ಹೊರತು ಇರುವುದಕ್ಕೆಲ್ಲ ಬೇಕು ಎಂದಿಲ್ಲ. ಸರಿಯಾದ ಪ್ರಶ್ನೆ ಬೇರೆ. ನಾವು ಕಂಡ ಆರಂಭಗಳೆಲ್ಲ ಕಾಲದೊಳಗೆ ನಡೆದವು, ಇದ್ದ ವಸ್ತುವಿನಿಂದ ಆದವು. ಕಾಲವೇ ಆರಂಭವಾಗುವುದೆಂಬುದು ಆ ಜಾತಿಯ ಆರಂಭವೇ? ಹಾಗೆಯೇ, ಮಹಾಸ್ಫೋಟ ಸಿದ್ಧಾಂತವನ್ನು ಸೃಷ್ಟಿಯ ಪುರಾವೆಯಾಗಿ ಬಳಸುವಾಗ ಎಚ್ಚರ. 1380 ಕೋಟಿ ವರ್ಷಗಳ ಹಿಂದೆ ವಿಶ್ವ ಅತಿ ಬಿಸಿಯಾಗಿ, ಅತಿ ಒತ್ತಾಗಿ ಇತ್ತು, ಅಲ್ಲಿಂದ ಹಿಗ್ಗಿತು ಎನ್ನುತ್ತದೆ ಅದು. ಏನೂ ಇಲ್ಲದಲ್ಲಿಂದ ಬಂತು ಎನ್ನುವುದಿಲ್ಲ. ಆ ಸಿದ್ಧಾಂತದ ಆದ್ಯರಲ್ಲಿ ಒಬ್ಬರಾದ ಜಾರ್ಜ್ ಲಮೆತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ವಿಜ್ಞಾನವನ್ನು ಸೃಷ್ಟಿಯ ಬೆಂಬಲಕ್ಕೆ ಕರೆದಾಗ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತವನ್ನು ದೇವತಾಶಾಸ್ತ್ರದಿಂದ ದೂರವೇ ಇಡಬೇಕೆಂಬುದು ಅವರ ನಿಲುವು. ಮಧ್ಯಯುಗದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಕೂಡ ಜಗತ್ತಿಗೆ ಕಾಲದಲ್ಲಿ ಆರಂಭ ಇತ್ತು ಎಂಬುದನ್ನು ನಂಬಿದ್ದನೇ ಹೊರತು ತರ್ಕದಿಂದ ಸಾಧಿಸಬಹುದು ಎನ್ನಲಿಲ್ಲ.

ಎರಡನೆಯದಕ್ಕೆ ಕಾಲದ ಹಂಗಿಲ್ಲ. ವಿಶ್ವ ಅನಾದಿ ಎಂದೇ ಇಟ್ಟುಕೊಳ್ಳಿ. ಆದರೂ ಇರುವುದೆಲ್ಲ ಇಲ್ಲದೆಯೂ ಇರಬಹುದಾಗಿತ್ತು. ಹಾಗಿರುವಾಗ ಏನೂ ಇಲ್ಲದಿರುವ ಬದಲು ಏನೋ ಒಂದು ಏಕೆ ಇದೆ? 1714ರ ಸುಮಾರಿಗೆ ಜರ್ಮನ್ ತತ್ವಜ್ಞಾನಿ ಲೈಬ್ನಿಜ್ ಕೇಳಿದ ಪ್ರಶ್ನೆ ಇದು. ಇಲ್ಲದಿರಲು ಸಾಧ್ಯವೇ ಇರದಂಥದ್ದೊಂದು ಇದ್ದರೆ ಮಾತ್ರ ಉಳಿದದ್ದಕ್ಕೆ ವಿವರಣೆ ಸಿಗುತ್ತದೆ ಎಂಬುದು ವಾದ. ಪರ ಸುತ್ತಿನಲ್ಲಿ ನೀವು ಒಂದೇ ವಾದ ಹಿಡಿಯುವುದಾದರೆ ಇದನ್ನೇ ಹಿಡಿಯಿರಿ. ಇದನ್ನು ತಳ್ಳಿಹಾಕಲು ಎದುರಾಳಿ "ಕೆಲವಕ್ಕೆ ವಿವರಣೆಯೇ ಇಲ್ಲ" ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಪ್ರತಿ ಘಟನೆಗೂ ಕಾರಣ ಹುಡುಕುವ ವಿಜ್ಞಾನದ ಹೆಸರಿನಲ್ಲಿ ವಾದಿಸುವವರಿಗೆ ಆ ಮಾತು ಸುಲಭವಾಗಿ ಗಂಟಲಿನಿಂದ ಇಳಿಯುವುದಿಲ್ಲ. ಬರ್ಟ್ರಂಡ್ ರಸೆಲ್ ಮಾತ್ರ ಅದನ್ನು ನಿಸ್ಸಂಕೋಚವಾಗಿ ಹೇಳಿದ. 1948ರ ಜನವರಿಯಲ್ಲಿ ಬಿಬಿಸಿ ರೇಡಿಯೋದಲ್ಲಿ ಜೆಸುಯಿಟ್ ಪಾದ್ರಿ ಕೊಪಲ್‌ಸ್ಟನ್ ಜೊತೆ ನಡೆದ ಚರ್ಚೆಯಲ್ಲಿ ಅವನ ನಿಲುವು, ವಿಶ್ವ ಇದೆ, ಅಷ್ಟೇ, ಎಂಬುದು. ಪ್ರತಿ ಮನುಷ್ಯನಿಗೂ ತಾಯಿ ಇದ್ದಾಳೆ, ಹಾಗೆಂದು ಇಡೀ ಮನುಷ್ಯಕುಲಕ್ಕೆ ಒಬ್ಬ ತಾಯಿ ಇರಬೇಕಿಲ್ಲ. ಬಿಡಿಗೆ ಸಲ್ಲುವುದು ಇಡಿಗೆ ಸಲ್ಲಬೇಕಿಲ್ಲ. ಚುರುಕಾದ ಮಾತು. ಆದರೆ ಯಾವಾಗಲೂ ಸಲ್ಲುವುದೇ ಇಲ್ಲ ಎಂದೇನೂ ಅಲ್ಲ. ಪ್ರತಿ ಇಟ್ಟಿಗೆಯೂ ಕೆಂಪಾಗಿದ್ದರೆ ಗೋಡೆಯೂ ಕೆಂಪೇ. "ಇಲ್ಲದೆಯೂ ಇರಬಹುದಿತ್ತು" ಎಂಬ ಗುಣ ತಾಯಿಯಂಥದ್ದೋ ಕೆಂಪಿನಂಥದ್ದೋ? ನನಗೆ ಕೆಂಪಿನ ಕಡೆಗೇ ಒಲವು.

ಇದರ ನಿಜವಾದ ಬಲಹೀನತೆ ಕೊನೆಯ ಮೆಟ್ಟಿಲಲ್ಲಿದೆ. ಇಲ್ಲದಿರಲಾರದ ಒಂದು ಇದೆ ಎಂದು ಒಪ್ಪಿದೆವು. ಅದಕ್ಕೆ ಜ್ಞಾನ ಇದೆಯೇ, ಇಚ್ಛೆ ಇದೆಯೇ, ಅದು ನಮ್ಮನ್ನು ಬಲ್ಲದೇ? ಜಡವಾದ ಮೂಲಪ್ರಕೃತಿಯೇ ಆ ಒಂದು ಎಂದು ಸಾಂಖ್ಯದರ್ಶನ ಹೇಳಿದರೆ ಈ ವಾದದಲ್ಲಿ ಅದನ್ನು ತಡೆಯುವಂಥದ್ದು ಏನೂ ಇಲ್ಲ. "ಇದನ್ನೇ ನಾವು ದೇವರು ಎನ್ನುತ್ತೇವೆ" ಎಂಬ ಕೊನೆಯ ವಾಕ್ಯ ಮೆಲ್ಲಗೆ ಒಳನುಸುಳುವುದನ್ನು ವಿರೋಧ ಸುತ್ತಿನಲ್ಲಿ ಅಲ್ಲೇ ಹಿಡಿಯಿರಿ.

ಪರಿಕಲ್ಪನೆಯಿಂದಲೇ ಅಸ್ತಿತ್ವ ಹೊರಡಿಸುವ ವಾದದ ಬಗ್ಗೆ ಹೆಚ್ಚು ಹೇಳಲಾರೆ. 11ನೇ ಶತಮಾನದ ಆನ್ಸೆಲ್ಮ್ ಹೇಳಿದ್ದು, ಇದಕ್ಕಿಂತ ದೊಡ್ಡದನ್ನು ಯೋಚಿಸಲಾಗದಂಥದ್ದು ದೇವರು. ಮನಸ್ಸಿನಲ್ಲಷ್ಟೇ ಇರುವುದಕ್ಕಿಂತ ನಿಜದಲ್ಲೂ ಇರುವುದು ದೊಡ್ಡದು. ಆದ್ದರಿಂದ ದೇವರು ನಿಜದಲ್ಲೂ ಇರಬೇಕು. ಅವನ ಕಾಲದವನೇ ಆದ ಗೌನಿಲೋ ಎಂಬ ಸನ್ಯಾಸಿ ಇದೇ ಧಾಟಿಯಲ್ಲಿ ಅತ್ಯುತ್ತಮವಾದ ದ್ವೀಪವೊಂದನ್ನೂ ಸಾಧಿಸಿ ತೋರಿಸಿದ. "ಇದೆ" ಎನ್ನುವುದು ವಸ್ತುವಿನ ಇನ್ನೊಂದು ಗುಣವಲ್ಲ ಎಂದು 1781ರಲ್ಲಿ ಕಾಂಟ್ ಹೇಳಿದ. ಇದರ ಗಣಿತರೂಪವನ್ನು ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ ಬರೆದಿಟ್ಟಿದ್ದ. 2013ರಲ್ಲಿ ಇಬ್ಬರು ಸಂಶೋಧಕರು ಅದನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು. "ದೇವರಿದ್ದಾನೆಂದು ಕಂಪ್ಯೂಟರ್ ಸಾಬೀತು ಮಾಡಿತು" ಎಂಬರ್ಥದ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಕಂಪ್ಯೂಟರ್ ಹೇಳಿದ್ದು ಇಷ್ಟೇ: ತಿದ್ದಿದ ರೂಪದಲ್ಲಿ ಈ ಆಧಾರವಾಕ್ಯಗಳನ್ನು ಒಪ್ಪಿದರೆ ಆ ತೀರ್ಮಾನ ಬರುತ್ತದೆ. ಗೋಡೆಲ್‌ನ ಮೂಲ ಟಿಪ್ಪಣಿಯ ಆಧಾರವಾಕ್ಯಗಳಲ್ಲಿ ಒಂದಕ್ಕೊಂದು ವಿರೋಧ ಇದೆಯೆಂದೂ ಅದೇ ಕೆಲಸದಲ್ಲಿ ಗೊತ್ತಾಯಿತು. ಪಾಸ್ಕಲ್‌ನ ಪಂದ್ಯವಂತೂ ದೇವರಿದ್ದಾನೆ ಎನ್ನುವ ವಾದವೇ ಅಲ್ಲ, ನಂಬಿದರೆ ಲಾಭ ಎನ್ನುವ ಲೆಕ್ಕ. ನಂಬದವರನ್ನೇ ಮೆಚ್ಚುವ ದೇವರೂ ಇರಬಹುದಲ್ಲ ಎಂದರೆ ಆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ.

ವಿರೋಧದ ಕಡೆ ಬರೋಣ. ಇಲ್ಲಿ ಗಟ್ಟಿಯಾದದ್ದು ಒಂದೇ, ದುಃಖದ ವಾದ. 1755ರ ನವೆಂಬರ್ 1ರಂದು, ಸರ್ವಸಂತರ ಹಬ್ಬದ ದಿನ, ಲಿಸ್ಬನ್ ನಗರ ಭೂಕಂಪಕ್ಕೆ ತುತ್ತಾಯಿತು. ಚರ್ಚುಗಳು ಭಕ್ತರ ಮೇಲೆಯೇ ಕುಸಿದವು. ಇರಬಹುದಾದ ಜಗತ್ತುಗಳಲ್ಲೆಲ್ಲ ಇದೇ ಅತ್ಯುತ್ತಮ ಎಂದು ಲೈಬ್ನಿಜ್ 1710ರಲ್ಲಿ ಬರೆದಿದ್ದ ಮಾತು ಆ ಅವಶೇಷದಡಿ ಸಿಕ್ಕಿಕೊಂಡಿತು. ನಾಲ್ಕು ವರ್ಷದ ಮೇಲೆ ವೋಲ್ಟೇರ್ ಅದನ್ನು ನಗೆಪಾಟಲು ಮಾಡಿದ.

ಈ ವಾದಕ್ಕೂ ಎರಡು ರೂಪ. ದೇವರು ಸರ್ವಶಕ್ತ, ದೇವರು ಪರಮ ದಯಾಳು, ಕೇಡು ಇದೆ: ಈ ಮೂರೂ ಒಟ್ಟಿಗೆ ನಿಜವಾಗಲಾರವು ಎಂದು 1955ರಲ್ಲಿ ಜೆ. ಎಲ್. ಮ್ಯಾಕಿ ವಾದಿಸಿದ. ಇದು ವಿರೋಧಾಭಾಸದ ಆರೋಪ, ಆದ್ದರಿಂದ ಒಂದೇ ಒಂದು ಸಾಧ್ಯತೆ ತೋರಿಸಿದರೂ ಬಿದ್ದುಹೋಗುತ್ತದೆ. ಆಲ್ವಿನ್ ಪ್ಲಾಂಟಿಂಗಾ 1974ರಲ್ಲಿ ತೋರಿಸಿದ್ದು ಅದನ್ನೇ: ನಿಜವಾದ ಸ್ವಾತಂತ್ರ್ಯ ಇರುವ ಜೀವಿಗಳನ್ನು ಸೃಷ್ಟಿಸಿ, ಅವರು ಒಳ್ಳೆಯದನ್ನೇ ಮಾಡುವಂತೆಯೂ ನೋಡಿಕೊಳ್ಳುವುದು ಸರ್ವಶಕ್ತನಿಗೂ ಆಗದಿರಬಹುದು. ಮ್ಯಾಕಿಯ ರೂಪ ನಿಲ್ಲುವುದಿಲ್ಲ ಎಂದು ನಿರೀಶ್ವರವಾದಿಗಳಲ್ಲೇ ಬಹಳ ಮಂದಿ ಒಪ್ಪಿದ್ದಾರೆ.

ಎರಡನೆಯ ರೂಪ ಅಷ್ಟು ಸುಲಭವಾಗಿ ಬಿಡುವುದಿಲ್ಲ. 1979ರಲ್ಲಿ ವಿಲಿಯಂ ರೋ ಒಂದು ಜಿಂಕೆಮರಿಯನ್ನು ಕಲ್ಪಿಸಿಕೊಳ್ಳಿ ಎಂದ. ದೂರದ ಕಾಡಿನಲ್ಲಿ ಸಿಡಿಲು ಬಡಿದು ಬೆಂಕಿ ಹತ್ತುತ್ತದೆ, ಮರಿ ಸುಟ್ಟು ಬೆಂದು ದಿನಗಟ್ಟಲೆ ನರಳಿ ಸಾಯುತ್ತದೆ. ಯಾರ ಸ್ವಾತಂತ್ರ್ಯವೂ ಇಲ್ಲಿಲ್ಲ. ಯಾರಿಗೂ ಪಾಠವಾಗುವುದಿಲ್ಲ, ಏಕೆಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ದಿನಗಟ್ಟಲೆಯ ಆ ನರಳಾಟವನ್ನು ಐದು ನಿಮಿಷಕ್ಕೆ ಇಳಿಸಿದ್ದರೆ ಯಾವ ದೊಡ್ಡ ಒಳಿತು ಕೈತಪ್ಪುತ್ತಿತ್ತು? ಯಾವುದೂ ಕಾಣುವುದಿಲ್ಲ, ಆದ್ದರಿಂದ ಬಹುಶಃ ಯಾವುದೂ ಇಲ್ಲ.

ಆ "ಆದ್ದರಿಂದ"ವನ್ನು ನೋಡಿ. ಕಾಣುವುದಿಲ್ಲ, ಆದ್ದರಿಂದ ಇಲ್ಲ. ಇದು ಯಾವಾಗ ಸಲ್ಲುತ್ತದೆ ಎಂಬ ಬಗ್ಗೆ ನಮ್ಮ ತಾರ್ಕಿಕರು ಬಳಸುತ್ತಿದ್ದ ಪದ ಯೋಗ್ಯಾನುಪಲಬ್ಧಿ. ಮೇಜಿನ ಮೇಲೆ ಆನೆ ಕಾಣುತ್ತಿಲ್ಲ ಎಂದರೆ ಆನೆ ಇಲ್ಲ, ಇದ್ದಿದ್ದರೆ ಕಾಣುತ್ತಿತ್ತು. ಮೇಜಿನ ಮೇಲೆ ರೋಗಾಣು ಕಾಣುತ್ತಿಲ್ಲ ಎಂದರೆ ಏನೂ ಸಿದ್ಧವಾಗುವುದಿಲ್ಲ. ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಮಾತ್ರ ಅಭಾವ ಸಿದ್ಧ. ಈಶ್ವರ ಕಾಣುವುದಿಲ್ಲ, ಆದ್ದರಿಂದ ಇಲ್ಲ ಎನ್ನುವವರಿಗೆ ಉದಯನರು ಎತ್ತಿದ ಆಕ್ಷೇಪ ಇದೇ. 1984ರಲ್ಲಿ ಸ್ಟೀಫನ್ ವೈಕ್‌ಸ್ಟ್ರಾ ರೋಗೆ ಕೊಟ್ಟ ಉತ್ತರವೂ ಹೆಚ್ಚುಕಡಿಮೆ ಇದೇ: ಸರ್ವಜ್ಞನ ಕಾರಣಗಳು ನಮ್ಮ ಕಣ್ಣಿಗೆ ಬೀಳುವಂಥವು ಎಂದು ಏಕೆ ಅಂದುಕೊಳ್ಳಬೇಕು? ಅಂದರೆ ವಿರೋಧದ ಅತ್ಯುತ್ತಮ ವಾದವೂ ಮಡಕೆಯ ವಾದ ಜಾರಿದ ಜಾಗದ ಹತ್ತಿರವೇ ಜಾರುತ್ತದೆ. ನಮ್ಮ ಅಳತೆಯಿಂದ ಕಲಿತದ್ದನ್ನು ಅಳತೆಗೆ ಸಿಗದ್ದಕ್ಕೆ ಹಚ್ಚುತ್ತಿದ್ದೇವೆ.

ಈ ಉತ್ತರವೂ ಪುಕ್ಕಟೆಯಲ್ಲ. ದೇವರ ಕಾರಣ ನಮಗೆ ತಿಳಿಯದು ಎಂದವರು ಮರುಕ್ಷಣವೇ "ಸೃಷ್ಟಿಯ ಸೊಬಗು ನೋಡಿ, ಅವನ ಉದ್ದೇಶ ತಿಳಿಯುವುದಿಲ್ಲವೇ" ಎನ್ನುವಂತಿಲ್ಲ. ಕೇಡಿನಲ್ಲಿ ಉದ್ದೇಶ ಓದಲಾಗದು ಎಂದ ಮೇಲೆ ಸೊಬಗಿನಲ್ಲೂ ಓದಲಾಗದು. ಇನ್ನೂ ಕಷ್ಟದ್ದೆಂದರೆ, ಪ್ರತಿ ನೋವಿನ ಹಿಂದೆಯೂ ತಿಳಿಯದ ಒಳಿತು ಇರಬಹುದಾದರೆ ನರಳುವ ಪ್ರಾಣಿಯನ್ನು ನಾನು ಕಾಪಾಡಬೇಕೋ ಬಿಡಬೇಕೋ? ಈ ಒಂದು ಪ್ರಶ್ನೆಯನ್ನು ವಿರೋಧ ಸುತ್ತಿಗೆ ಜೋಪಾನವಾಗಿ ಇಟ್ಟುಕೊಳ್ಳಿ. ಇದಕ್ಕೆ ಪೂರ್ತಿ ಸಮಾಧಾನವಾಗುವ ಉತ್ತರವನ್ನು ನಾನು ಇನ್ನೂ ಕೇಳಿಲ್ಲ.

ವೇದಾಂತದ ಮೂಲಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದ ಉತ್ತರ ಬೇರೆ ದಿಕ್ಕಿನದು. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಡುವ ಈಶ್ವರ ಪಕ್ಷಪಾತಿ, ನಿರ್ದಯಿ ಎಂಬ ಆಕ್ಷೇಪವನ್ನು ಅದು ತಾನೇ ಎತ್ತಿಕೊಂಡು (2.1.34), ಅವನು ಜೀವಿಗಳ ಕರ್ಮವನ್ನು ನೋಡಿ ಕೊಡುತ್ತಾನೆ ಎನ್ನುತ್ತದೆ. ಶಂಕರರ ಹೋಲಿಕೆ ಮಳೆಯದು: ಮಳೆ ಎಲ್ಲ ಬೀಜಕ್ಕೂ ಒಂದೇ, ಬತ್ತವೋ ಜವೆಯೋ ಎಂಬ ಭೇದ ಬೀಜದ್ದು. ಮೊದಲ ಕರ್ಮ ಎಲ್ಲಿಂದ ಬಂತು ಎಂದರೆ ಸಂಸಾರ ಅನಾದಿ ಎಂಬುದು ಮುಂದಿನ ಸೂತ್ರದ ಉತ್ತರ. ಇದರಿಂದ ದೇವರ ಮೇಲಿನ ದೂರು ಇಳಿಯುತ್ತದೆ, ಸಂದೇಹವಿಲ್ಲ. ಆದರೆ ಅದೇ ದೂರು ನರಳುವವನ ಹೆಗಲಿಗೆ ಏರುತ್ತದೆ, ಈಶ್ವರನೂ ಕರ್ಮದ ಲೆಕ್ಕಕ್ಕೆ ಬದ್ಧನಾಗುತ್ತಾನೆ. ಜಿಂಕೆಮರಿಗೆ ಅದು ನೆನಪೇ ಇಲ್ಲದ ಸಾಲದ ವಸೂಲಿ. ಕುಮಾರಿಲನ ಇನ್ನೊಂದು ಚುಚ್ಚು ಪ್ರಶ್ನೆಯೂ ಇಲ್ಲೇ ನೆನಪಾಗುತ್ತದೆ: ಕರುಣೆಯಿಂದ ಸೃಷ್ಟಿಸಿದ ಎನ್ನುತ್ತೀರಿ, ಸೃಷ್ಟಿಗೆ ಮೊದಲು ಕರುಣೆ ತೋರಲು ಯಾರಿದ್ದರು?

ಹೊಣೆ ಯಾರದು ಎಂಬ ಪ್ರಶ್ನೆ. "ಇದೆ ಎಂದವನೇ ಸಾಧಿಸಲಿ" ಎಂಬ ಗಾದೆಮಾತಿನಂಥ ಉತ್ತರ ಎಲ್ಲ ಕಡೆ ಸಿಗುತ್ತದೆ. ಭೂಮಿಗೂ ಮಂಗಳಕ್ಕೂ ನಡುವೆ ಚಹಾ ಕುಡಿಕೆಯೊಂದು ಸೂರ್ಯನನ್ನು ಸುತ್ತುತ್ತಿದೆ, ದೂರದರ್ಶಕಕ್ಕೂ ಕಾಣದು ಎಂದು ನಾನು ಹೇಳಿದರೆ ಅಲ್ಲಗಳೆಯುವ ಹೊಣೆ ನಿಮ್ಮದಲ್ಲ ಎಂದು ರಸೆಲ್ 1952ರಲ್ಲಿ ಬರೆದ. ಸರಿಯೇ. ಆದರೆ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುವುದು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತತ್ವ ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನ ಪಕ್ಷವನ್ನೇ ಮುಂದಿಡದೆ ಎದುರಿನದನ್ನು ಕೆಡವುವುದಷ್ಟೇ ವಿತಂಡ. ಆಡುಮಾತಿನಲ್ಲಿ ವಿತಂಡವಾದ ಬೈಗುಳವಾಗಿದೆ, ಮೂಲದಲ್ಲಿ ಅದೊಂದು ಲಕ್ಷಣ. "ನಿಮ್ಮ ವಾದ ಸಾಲದು" ಎಂದಷ್ಟೇ ಹೇಳುವವರಿಗೆ ಹೊಣೆಯಿಲ್ಲ. "ದೇವರಿಲ್ಲ" ಎಂದು ಒಂದು ಹೆಜ್ಜೆ ಮುಂದಿಟ್ಟ ಕೂಡಲೇ ಅವರ ಮೇಲೂ ಹೊಣೆ ಬಿತ್ತು. ನಿಮ್ಮ ಸ್ಪರ್ಧೆಯ ವಾಕ್ಯ "ತರ್ಕದಿಂದ ಸಾಧಿಸಬಹುದು" ಎಂದಿದೆ. ಹಾಗಾಗಿ ವಿರೋಧ ಸುತ್ತಿನಲ್ಲಿ ದೇವರಿಲ್ಲ ಎಂದು ತೋರಿಸುವ ಗೋಜಿಗೆ ಹೋಗಬೇಡಿ, ಅದು ನಿಮ್ಮ ಕೆಲಸವೇ ಅಲ್ಲ. ಜಿಂಕೆಮರಿಯನ್ನು ಬೇಕಾದರೆ ಕೊನೆಗೆ ತನ್ನಿ. ಮೊದಲು ವ್ಯಾಪ್ತಿಯ ಮೇಲೆ ಬೀಳಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಸಾಂಖ್ಯಸೂತ್ರದಲ್ಲಿ "ಈಶ್ವರಾಸಿದ್ಧೇಃ" ಎಂಬ ಮಾತು ಬರುತ್ತದೆ, ಈಶ್ವರ ಸಿದ್ಧನಾಗದಿರುವುದರಿಂದ ಎಂದು. ಭಾಷ್ಯ ಬರೆದ ವಿಜ್ಞಾನಭಿಕ್ಷು ಇಲ್ಲಿ ನಿಲ್ಲುತ್ತಾನೆ: "ಈಶ್ವರಾಭಾವಾತ್" ಎಂದಿಲ್ಲವಲ್ಲ! ಸಿದ್ಧವಾಗಿಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ನಡುವೆ ಜಾಗ ಇದೆ. ಆ ಜಾಗದಲ್ಲಿ ನಿಂತ ನಂಬಿಗಸ್ತರು ಕಡಿಮೆಯಿಲ್ಲ. ಬರೀ ತರ್ಕಕ್ಕೆ ನೆಲೆಯಿಲ್ಲ ಎಂಬ ಬ್ರಹ್ಮಸೂತ್ರದ ಮಾತನ್ನು ಶಂಕರರು ವಿಸ್ತರಿಸುತ್ತಾರೆ. ರಾಮಾನುಜರಂತೂ ಶ್ರೀಭಾಷ್ಯದಲ್ಲಿ, ಈಶ್ವರನನ್ನು ಅನುಮಾನದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ, ಸಾಧಿಸುವ ನೈಯಾಯಿಕರ ಯತ್ನವನ್ನು ತಾವೇ ಮುಂದೆ ನಿಂತು ಕೆಡವುತ್ತಾರೆ; ಶಾಸ್ತ್ರದಿಂದಲ್ಲದೆ ಬ್ರಹ್ಮ ತಿಳಿಯದು ಎಂಬುದು ಅವರ ಪಕ್ಷ. ಅವರ ಭಕ್ತಿ ಅದರಿಂದ ಕದಲಲಿಲ್ಲ, ಏಕೆಂದರೆ ಅದು ಆ ಕಂಬದ ಮೇಲೆ ನಿಂತಿರಲೇ ಇಲ್ಲ.

ಆದ್ದರಿಂದ ನೀವು ಒಪ್ಪಿದ್ದು ಹುತ್ತದ ಆಕ್ಷೇಪವನ್ನೋ, ಹ್ಯೂಮ್‌ನನ್ನೋ, ಗೌನಿಲೋನ ದ್ವೀಪವನ್ನೋ ಆಗಿದ್ದರೆ ಆತ್ಮವಂಚನೆ ಇಲ್ಲ. ಅವು ಆಧಾರವೊಂದನ್ನು ತೆಗೆಯುತ್ತವೆ, ನಿಮ್ಮ ನಂಬಿಕೆ ಬೇರೆಲ್ಲೋ ನಿಂತಿದೆ. ಜಿಂಕೆಮರಿಯ ವಾದದ ಕಥೆ ಹಾಗಲ್ಲ. ಅದು ಆಧಾರ ತೆಗೆಯುವ ವಾದವಲ್ಲ, ತಕ್ಕಡಿಯ ಇನ್ನೊಂದು ತಟ್ಟೆಗೆ ಕಲ್ಲು ಹಾಕುವ ವಾದ. ಅದನ್ನು ಪೂರ್ತಿ ಒಪ್ಪಿದ್ದೇನೆ, ಆದರೂ ಸರ್ವಶಕ್ತನೂ ಪರಮ ದಯಾಳುವೂ ಆದ ದೇವರನ್ನು ನಂಬುತ್ತೇನೆ ಎಂದರೆ ಎಲ್ಲೋ ಒಂದು ಕಡೆ ಲೆಕ್ಕ ಬಾಕಿ ಇದೆ: ಒಂದೋ ಅದರ ಯಾವುದೋ ಮೆಟ್ಟಿಲನ್ನು ನೀವು ನಿಜವಾಗಿ ಒಪ್ಪಿಲ್ಲ, ಇಲ್ಲವೇ ನೀವು ನಂಬುವ ದೇವರು ಆ ಎರಡು ವಿಶೇಷಣಗಳ ದೇವರಲ್ಲ. "ಕೆಲವು ವಾದಗಳನ್ನು ಒಪ್ಪಿದೆ" ಎಂದಷ್ಟೇ ಬರೆದಿದ್ದೀರಿ. ಯಾವುವೆಂದು ಬರೆದರೆ ಮುಂದಿನದನ್ನು ಮಾತಾಡಬಹುದು.